ಹಾಯಿ ಇಳಿದ ಮೇಲೆ ಉಳಿದದ್ದು

ಪಡುಬಿದ್ರಿಯಿಂದ ಉಡುಪಿಯತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ಎರ್ಮಾಳ್ ಕೆಲವೇ ನಿಮಿಷಗಳಲ್ಲಿ ಹಿಂದೆ ಸರಿದುಹೋಗುವ ಊರು. ಎಡಕ್ಕೆ ಹೊರಳಿದರೆ ತೆಂಗಿನ ತೋಟಗಳ ಆಚೆಗೆ ಕಡಲು. ತುಳುವಿನ ಬಡಗು-ತೆಂಕು ದಿಕ್ಕುಗಳ ಹೆಸರು ಹೊತ್ತು ಬಡಾ ಮತ್ತು ತೆಂಕ ಎಂದು ಎರಡು ಗ್ರಾಮಗಳಾಗಿ ಹರಡಿರುವ ಇಲ್ಲಿ ಮಲ್ಪೆಯಂಥ ಬಂದರಿಲ್ಲ. ಮರಳ ದಂಡೆಯೇ ಬಂದರು. ಆದರೂ ಕಾಪುವಿನಿಂದ ಹೆಜಮಾಡಿಯವರೆಗಿನ ಇಂಥ ಊರುಗಳಲ್ಲಿ ದೋಣಿ, ಬಲೆ ಮತ್ತು ದೈವ ಸೇರಿ ಒಂದು ಸಂಸ್ಕೃತಿಯನ್ನೇ ಕಟ್ಟಿದವು. ಆ ದೋಣಿಗಳಿಗೆ ಒಂದು ಕಾಲದಲ್ಲಿ ಹಾಯಿ ಇತ್ತು.

ಯಂತ್ರವಿಲ್ಲದ ಕಾಲದಲ್ಲಿ ಮೀನುಗಾರನ ದಿನಚರಿಯನ್ನು ಗಾಳಿಯೇ ನಿರ್ಧರಿಸುತ್ತಿತ್ತು. ರಾತ್ರಿ ನೆಲ ತಣಿದಾಗ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ನಸುಕಿನಲ್ಲಿ ಹಾಯಿ ಬಿಚ್ಚಿದರೆ ದೋಣಿ ತಾನಾಗಿ ಆಳಕ್ಕೆ ಸಾಗುತ್ತಿತ್ತು. ಮಧ್ಯಾಹ್ನ ನೆಲ ಕಾದಾಗ ಗಾಳಿ ದಿಕ್ಕು ಬದಲಿಸಿ ದೋಣಿಯನ್ನು ಮನೆಗೆ ತಲುಪಿಸುತ್ತಿತ್ತು. ಈ ಲೆಕ್ಕ ಬಲ್ಲವನೇ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ. ಹಂಚು, ಅಕ್ಕಿ, ತೆಂಗು ಹೊತ್ತ ದೊಡ್ಡ ಮಂಜಿಗಳೂ ಇದೇ ಗಾಳಿಯನ್ನು ನಂಬಿ ಮಂಗಳೂರು, ಮಲ್ಪೆ, ಹಂಗಾರಕಟ್ಟೆಗಳಿಂದ ಮುಂಬಯಿಯತ್ತ ಸಾಗುತ್ತಿದ್ದವು. ಇಂದು ಪ್ರವಾಸಿಗರು ಹತ್ತಿ ಫೋಟೋ ತೆಗೆಯುವ ಕಾಪುವಿನ ದೀಪಸ್ತಂಭ 1901ರಲ್ಲಿ ಎದ್ದುನಿಂತದ್ದು ಇಂಥ ಹಡಗುಗಳಿಗೆ ದಾರಿ ತೋರಲೆಂದು.

ಕಡಲ ಸಂಚಾರದ ನೆನಪು ಕರಾವಳಿಯ ಭಕ್ತಿಯಲ್ಲೂ ಬೆರೆತಿದೆ. ಉಡುಪಿಯ ಕೃಷ್ಣನ ವಿಗ್ರಹ ಬಂದದ್ದೇ ಹಡಗಿನಲ್ಲಿ ಎನ್ನುತ್ತದೆ ಐತಿಹ್ಯ. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು. ಮಧ್ವಾಚಾರ್ಯರು ದಡದಲ್ಲಿ ನಿಂತು ಬಟ್ಟೆ ಬೀಸಿ ಅದನ್ನು ಪಾರುಮಾಡಿದರು. ಕಾಣಿಕೆಯಾಗಿ ಪಡೆದ ಗೋಪೀಚಂದನದ ಗಟ್ಟಿಯೊಳಗೆ ಕೃಷ್ಣನಿದ್ದ. ಇನ್ನೊಂದೆಡೆ ಮೊಗವೀರರ ಪಟ್ಟಣಗಳಲ್ಲಿ ನೆಲೆನಿಂತ ಬೊಬ್ಬರ್ಯ ದೈವವಿದೆ. ಪಾಡ್ದನಗಳು ಈತನನ್ನು ಮುಸ್ಲಿಂ ವ್ಯಾಪಾರಿಯೊಬ್ಬನ ಮಗ, ಹಡಗಿನ ವ್ಯಾಪಾರ ಮಾಡಿದ ವೀರ ಎಂದು ವರ್ಣಿಸುತ್ತವೆ. ಕಡಲಿನಲ್ಲಿ ಮಡಿದ ಮುಸ್ಲಿಂ ನಾವಿಕ ಹಿಂದೂ ಮೀನುಗಾರರ ಕಾವಲುದೈವವಾದದ್ದು ಅರಬ್ಬೀ ಸಮುದ್ರದ ವ್ಯಾಪಾರ ಈ ದಂಡೆಗೆ ಕೊಟ್ಟ ಅಪರೂಪದ ಬಳುವಳಿ.

ಇವೆಲ್ಲಕ್ಕಿಂತ ಹೆಚ್ಚಾಗಿ ಊರನ್ನು ಊರಾಗಿ ಹಿಡಿದಿಟ್ಟದ್ದು ರಂಪಣಿ. ಇದು ದಡದಿಂದಲೇ ಎಳೆಯುವ ಬೃಹತ್ ಬಲೆ. ಕಿಲೋಮೀಟರಿಗೂ ಮೀರಿದ ಉದ್ದದ ರಂಪಣಿಗಳೂ ಇದ್ದವು. ಒಬ್ಬನಿಂದ ಇದು ಆಗುವ ಕೆಲಸವಲ್ಲ. ಪಾಲುದಾರರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸುತ್ತಿದ್ದರು. ನೀರಿನ ಬಣ್ಣ, ಹಕ್ಕಿಗಳ ಸುಳಿದಾಟ ನೋಡಿ ಬಂಗುಡೆ ಅಥವಾ ಬೂತಾಯಿಯ ಹಿಂಡು ಬಂದುದನ್ನು ಅನುಭವಿಗಳು ಗುರುತಿಸುತ್ತಿದ್ದರು. ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಮಾಡಿದ ದೊಡ್ಡ ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಹೋಗಿ ಮತ್ತೆ ದಡ ಸೇರುತ್ತಿತ್ತು. ಬಳಿಕ ಎರಡೂ ತುದಿಯ ಹಗ್ಗ ಹಿಡಿದು ಎಳೆಯಲು 50ಕ್ಕೂ ಹೆಚ್ಚು ಮಂದಿ ಬೇಕಾಗುತ್ತಿದ್ದುದುಂಟು. ಮೀನನ್ನು ಪಾಲು ಹಾಕುವ ಕ್ರಮಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಬುಟ್ಟಿ ಹೊತ್ತು ಮೀನು ಮಾರುವ ಹೊಣೆ ಹೆಂಗಸರದು. ಜಗಳಗಳನ್ನು ಊರ ಗುರಿಕಾರನ ಮುಂದೆ ತೀರಿಸಿಕೊಳ್ಳುತ್ತಿದ್ದರು. ಹೀಗೆ ರಂಪಣಿ ಬಲೆಯಷ್ಟೇ ಆಗಿರದೆ ಊರಿನ ಸಹಕಾರ ಸಂಘವೂ ಪಂಚಾಯಿತಿಯೂ ಆಗಿತ್ತು.

ಈ ವ್ಯವಸ್ಥೆ ಕುಸಿಯಲು ಹತ್ತು ವರ್ಷವೂ ಬೇಕಾಗಲಿಲ್ಲ. 1970ರ ದಶಕದ ಮಧ್ಯದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ಯಂತ್ರದ ಬಲದಿಂದ ಓಡುವ ಇವು ಮೀನಿನ ಹಿಂಡನ್ನು ದಡ ಸೇರುವ ಮೊದಲೇ ಸುತ್ತುವರಿದು ಹಿಡಿದವು. ದಂಡೆಯಲ್ಲಿ ಕಾದವರಿಗೆ ಬರಿಯ ನೀರು ಉಳಿಯಿತು. ಪ್ರತಿಭಟನೆ, ಘರ್ಷಣೆಗಳು ನಡೆದವಾದರೂ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಸಣ್ಣ ದೋಣಿಗಳಿಗೂ ಎಂಜಿನ್ ಬಂತು, ಹಾಯಿ ಇಳಿಯಿತು. ಮೀನುಗಾರಿಕೆಯ ಕೇಂದ್ರ ಊರ ದಂಡೆಯಿಂದ ಮಲ್ಪೆ, ಮಂಗಳೂರು ಬಂದರುಗಳಿಗೆ ಸರಿಯಿತು. ಎಂಜಿನ್ ಬಂದುದರಿಂದ ದುಡಿಮೆಯ ಕಷ್ಟ ತಗ್ಗಿತು, ಆದಾಯ ಹೆಚ್ಚಿತು ಎಂಬುದನ್ನೂ ಮರೆಯುವಂತಿಲ್ಲ.

ಆದರೆ ಜತೆಗೂಡುವ ಅಭ್ಯಾಸ ಹಾಯಿಯೊಂದಿಗೆ ಹೋಗಲಿಲ್ಲ. ದುಡಿಮೆ ಅರಸಿ ವಲಸೆ ಹೋದವರು 1902ರಲ್ಲೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದರು. ಎರ್ಮಾಳಿಗೆ ಹೊಂದಿಕೊಂಡ ಉಚ್ಚಿಲದಲ್ಲಿ 1957ರಲ್ಲಿ ಮೊಗವೀರರು ಒಗ್ಗಟ್ಟಿನಿಂದ ಮಹಾಲಕ್ಷ್ಮೀ ದೇವಸ್ಥಾನ ಸ್ಥಾಪಿಸಿದರು. ಅದು ನವೀಕರಣಗೊಂಡ 2022ರಿಂದ ಅಲ್ಲಿ ದಸರಾ ಉತ್ಸವವೂ ನಡೆಯುತ್ತಿದೆ. ಮಳೆಗಾಲ ಹಿಂಜರಿಯುವಾಗ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆ ನಿಂತಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್-ಜುಲೈ ತಿಂಗಳುಗಳಲ್ಲಿ ಎರ್ಮಾಳ್, ಉಚ್ಚಿಲ, ಕಾಪು ಕಡೆಯ ತೀರಗಳಲ್ಲಿ ಕೈರಂಪಣಿ ಎಳೆಯುವುದನ್ನು ಈಗಲೂ ಕಾಣಬಹುದು. ಗಾತ್ರ ಕಿರಿದಾದರೂ ಕ್ರಮ ಹಳೆಯದೇ.

ಉಳಿಯದೆ ಹೋದದ್ದು ಹಾಯಿಯ ವಿದ್ಯೆ. ಹಲಗೆ ಹೊಲಿಯುವ ಕೈ, ಹಾಯಿ ತಿರುಗಿಸುವ ಕಣ್ಣು ಇವು ಪುಸ್ತಕದಿಂದ ಬರುವಂಥವಲ್ಲ. ಈ ವಿಷಯದಲ್ಲಿ ಐರ್ಲೆಂಡಿನ ಪಶ್ಚಿಮ ತೀರದ ಕಿನ್ವಾರಾ ಎಂಬ ಪುಟ್ಟ ಬಂದರು ಪಟ್ಟಣದ ಉದಾಹರಣೆ ಗಮನಾರ್ಹ. ಅಲ್ಲಿಯ ಗಾಲ್‌ವೇ ಹೂಕರ್ ಎಂಬ ಹಾಯಿದೋಣಿಗಳು ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲನ್ನು ಕೊಲ್ಲಿಯಾಚೆಯಿಂದ ತರುತ್ತಿದ್ದವು. ರಸ್ತೆಗಳೂ ಹೊಸ ಇಂಧನಗಳೂ ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲದಾಯಿತು. 1979ರಲ್ಲಿ ಊರವರು ‘ದೋಣಿಗಳ ಕೂಟ’ ಎಂಬ ಅರ್ಥದ ಹೆಸರಿನಲ್ಲಿ ಉತ್ಸವವೊಂದನ್ನು ಆರಂಭಿಸಿದರು. ಕಪ್ಪು ಒಡಲಿನ, ಕಂದುಗೆಂಪು ಹಾಯಿಯ ದೋಣಿಗಳು ಮತ್ತೆ ನೀರಿಗಿಳಿದವು. ಸ್ಪರ್ಧೆ, ಸಂಗೀತಗಳ ಜತೆಗೆ ದೋಣಿ ನಡೆಸುವ ವಿದ್ಯೆಯೂ ಎಳೆಯರಿಗೆ ದಾಟಿತು.

ನಮ್ಮಲ್ಲಿ ಉತ್ಸವಕ್ಕೆ ಕೊರತೆಯಿಲ್ಲ, ಸಂಘಟನೆಗಂತೂ ಇಲ್ಲವೇ ಇಲ್ಲ. ಕೊರತೆ ಇರುವುದು ದೋಣಿಯದು. ರಂಪಣಿ ಎಳೆದ, ಹಾಯಿ ಕಟ್ಟಿದ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಒಂದು ಹೊಲಿಗೆಯ ದೋಣಿಯನ್ನಾದರೂ ಕಟ್ಟಿಸಿ, ಸಮುದ್ರಪೂಜೆಯ ದಿನ ಹಾಯಿಯೇರಿಸಿ ನೀರಿಗಿಳಿಸಿದರೆ, ಪಾಡ್ದನದಲ್ಲಿ ಹಡಗಿನ ಹೆಸರು ಕೇಳಿದ ಮಕ್ಕಳಿಗೆ ಅದು ಹೇಗೆ ಚಲಿಸುತ್ತಿತ್ತು ಎಂಬುದು ಕಣ್ಣಾರೆ ತಿಳಿದೀತು.