ಔರಾದ್ ಕಡೆಯ ಎರಡು ಸಮಾಧಿಕಲ್ಲುಗಳು

ಬೀದರಿಗೆ ಹೋದ ಶಾಸನಾಸಕ್ತರು ಮಹಮೂದ್ ಗಾವಾನ್ ಮದರಸಾದ ಅಕ್ಷರಗಳನ್ನೋ ಜಲಸಂಗಿಯ ಶಾಸನಸುಂದರಿಯನ್ನೋ ನೋಡಿ ವಾಪಸಾಗುತ್ತಾರೆ. ನಾನೂ ಅಷ್ಟೇ. ಈ ಸಲ ಔರಾದ್ ಕಡೆಯ ಕಥೋಲಿಕ ಸ್ಮಶಾನವೊಂದಕ್ಕೆ ಹೋದೆ. (ಜಿಲ್ಲೆಯಲ್ಲಿ ಮೆಥೋಡಿಸ್ಟರೂ ಬಹಳ, ಶಿಲುಬೆಯ ಕಲ್ಲೆಲ್ಲ ಕಥೋಲಿಕರದ್ದಲ್ಲ.) ಒಂದೇ ಮನೆತನದ ಎರಡು ಕಲ್ಲು: ಅಜ್ಜನದು ತೆಲುಗು, ಮೊಮ್ಮಗನದು ಕನ್ನಡ.

ಇದಕ್ಕೊಂದು ಹಿನ್ನೆಲೆ ಇದೆ. 1956ರ ನವೆಂಬರ್ 1ಕ್ಕೆ ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಚರ್ಚಿನ ಆಡಳಿತ ಮಾತ್ರ ಹೈದರಾಬಾದ್ ಮಹಾಧರ್ಮಪ್ರಾಂತ್ಯದಲ್ಲೇ ಉಳೀತು. ಸರ್ಕಾರ ಬೆಂಗಳೂರಲ್ಲಿ, ಬಿಷಪರು ಹೈದರಾಬಾದಲ್ಲಿ! 2005ರ ಜೂನ್ 24ರಂದು ಗುಲ್ಬರ್ಗ ಧರ್ಮಪ್ರಾಂತ್ಯ ಹುಟ್ಟಿ ಬೀದರ್ ಅದಕ್ಕೆ ಸೇರುವ ಹೊತ್ತಿಗೆ ಹೆಚ್ಚುಕಡಿಮೆ 49 ವರ್ಷ ಕಳೆದಿತ್ತು. ರಾಜ್ಯದ ಗಡಿ ನೋಡಿ ಚರ್ಚಿನ ಕಲ್ಲು ಓದಲು ಹೊರಟರೆ ಎಡವುತ್ತೇವೆ.

ಅಜ್ಜನ ಕಲ್ಲಿಗೆ ಯಾರೋ ಆಯಿಲ್ ಪೇಂಟ್ ಬಳಿದಿದ್ದರು, ಪಡಿಯಚ್ಚು ಏಳಲಿಲ್ಲ. ಸಂಜೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರಗಳ ತಗ್ಗು ನೆರಳಾಗಿ ಕಂಡಿತು. ಜೊತೆಗಿದ್ದ ಮನೆಯವರು, "ನಮಗ್ಯಾರಿಗೂ ತೆಲುಗು ಓದಾಕ ಬರಂಗಿಲ್ಲರಿ, ಏನೈತಿ?" ಅಂದರು. ಹೆಸರು ಓದಿದೆ. ಅದರ ಕೆಳಗೆ ಊರು, ಜಹೀರಾಬಾದ್ ಕಡೆಯದು.

"ಆ ಊರು ನಮ್ಮದೇನ್ರಿ?" ಅಂತ ಕೇಳಿದರು.