ಚಂದ್ರನ ನೆರವಿನಿಂದ ವಿಶ್ವವನ್ನು ಅಳೆದ ಊಟಿ

ಊಟಿಗೆ ಪ್ರವಾಸ ಹೋದಾಗ ನೀವು ಸಸ್ಯೋದ್ಯಾನ ಮತ್ತು ಸರೋವರವನ್ನು ನೋಡಿರಬಹುದು. ಆದರೆ ಪಟ್ಟಣದ ಹೊರಗೆ ಮುತ್ತೊರೈ ಎಂಬಲ್ಲಿ ಗುಡ್ಡದ ಇಳಿಜಾರಿನಲ್ಲಿ ನಿಂತಿರುವ 530 ಮೀಟರ್ ಉದ್ದದ ಉಕ್ಕಿನ ರಚನೆಯನ್ನು ಕಂಡವರು ಕಡಿಮೆ. ಅದೇ ಊಟಿ ರೇಡಿಯೋ ದೂರದರ್ಶಕ. ಆಕಾಶಕಾಯಗಳಿಂದ ಬರುವ ಬೆಳಕನ್ನಲ್ಲ, ರೇಡಿಯೋ ಅಲೆಗಳನ್ನು ಅದು ಗ್ರಹಿಸುತ್ತದೆ.

ಇದರ ಕಥೆ 1961ರಲ್ಲಿ ಆರಂಭವಾಗುತ್ತದೆ. ವಿದೇಶದಲ್ಲಿದ್ದ ಗೋವಿಂದ ಸ್ವರೂಪ್ ಮತ್ತು ಮೂವರು ಭಾರತೀಯ ವಿಜ್ಞಾನಿಗಳು, ತಾಯ್ನಾಡಿಗೆ ಮರಳಿ ರೇಡಿಯೋ ಖಗೋಳ ವಿಜ್ಞಾನವನ್ನು ಬೆಳೆಸಲು ಸಿದ್ಧರಿರುವುದಾಗಿ ಇಲ್ಲಿನ ಸಂಸ್ಥೆಗಳಿಗೆ ಪತ್ರ ಬರೆದರು. ಹೋಮಿ ಭಾಭಾ ಅದನ್ನು ಉತ್ಸಾಹದಿಂದ ಸ್ವಾಗತಿಸಿದರು. 1963ರಲ್ಲಿ ಸ್ವರೂಪ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆಸ್ಟ್ರೇಲಿಯಾ ಉಡುಗೊರೆಯಾಗಿ ಕೊಟ್ಟಿದ್ದ 32 ಚಿಕ್ಕ ಆಂಟೆನಾಗಳನ್ನು 1965ರಲ್ಲಿ ಕಲ್ಯಾಣ್ ಬಳಿ ಸ್ಥಾಪಿಸಿ ಸೂರ್ಯನ ಅಧ್ಯಯನ ನಡೆಸಿದರು.

ಆಗ ವಿಜ್ಞಾನಿಗಳ ಮುಂದೆ ಒಂದು ದೊಡ್ಡ ಪ್ರಶ್ನೆಯಿತ್ತು. ವಿಶ್ವ ಸದಾ ಒಂದೇ ರೀತಿ ಇದೆಯೇ, ಅಥವಾ ಕಾಲದೊಂದಿಗೆ ಬದಲಾಗುತ್ತಾ ಬಂದಿದೆಯೇ? ಮೊದಲನೆಯದು ಸ್ಥಿರಸ್ಥಿತಿ ಸಿದ್ಧಾಂತ, ಎರಡನೆಯದು ಮಹಾಸ್ಫೋಟ ಸಿದ್ಧಾಂತದ ನಿಲುವು. ಉತ್ತರ ಬೇಕಿದ್ದರೆ ಬಹುದೂರದ ರೇಡಿಯೋ ಗೆಲಕ್ಸಿಗಳ ಗಾತ್ರವನ್ನು ಅಳೆಯಬೇಕಿತ್ತು. ಅಷ್ಟು ಸೂಕ್ಷ್ಮ ಅಳತೆಗೆ ಸಾಮಾನ್ಯವಾಗಿ ಹಲವು ಕಿಲೋಮೀಟರ್ ವ್ಯಾಪ್ತಿಯ ಉಪಕರಣ ಬೇಕು. ಅಷ್ಟು ಹಣ ಎಲ್ಲಿಂದ ತರುವುದು?

ಸ್ವರೂಪ್ ಚಂದ್ರನ ಸಹಾಯ ಪಡೆದರು. ಆಕಾಶದಲ್ಲಿ ಸಾಗುವ ಚಂದ್ರ ಹಿಂದಿರುವ ರೇಡಿಯೋ ಮೂಲವನ್ನು ಮರೆಮಾಡುತ್ತಾನೆ. ಸಂಕೇತ ಮಾಯವಾಗುವ ಹಾಗೂ ಮರಳುವ ಕ್ಷಣಗಳನ್ನೂ ರೀತಿಯನ್ನೂ ಗಮನಿಸಿದರೆ ಆ ಮೂಲದ ಸ್ಥಾನ, ಗಾತ್ರ ಎರಡೂ ತಿಳಿಯುತ್ತವೆ. ಆದರೆ ಇದಕ್ಕೆ ಚಂದ್ರನನ್ನು ಗಂಟೆಗಟ್ಟಲೆ ಹಿಂಬಾಲಿಸುವ ದೂರದರ್ಶಕ ಬೇಕು. ಆ ಕೆಲಸವನ್ನು ಗುಡ್ಡವೇ ಸುಲಭ ಮಾಡಿತು. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಇಳಿಜಾರಿನ, ಉತ್ತರ–ದಕ್ಷಿಣವಾಗಿ ಚಾಚಿದ ಗುಡ್ಡವನ್ನು ಹುಡುಕಿ ಅದರ ಮೇಲೆ ದೂರದರ್ಶಕವನ್ನು ಕಟ್ಟಿದರು. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಒಂದೇ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸುತ್ತಾ ಹೋದರೆ ಸಾಕು, ಆಕಾಶಕಾಯವೊಂದನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ನೋಡಬಹುದು. 24 ಉಕ್ಕಿನ ಚೌಕಟ್ಟುಗಳ ಮೇಲೆ ಸುಮಾರು 1,100 ತೆಳು ತಂತಿಗಳನ್ನು ಬಿಗಿದು ಪ್ರತಿಫಲಕವನ್ನು ರೂಪಿಸಲಾಯಿತು. ವಿನ್ಯಾಸವೂ ನಿರ್ಮಾಣವೂ ಭಾರತೀಯರದೇ. 1966ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಭಾಭಾ, 1970ರಲ್ಲಿ ಅದು ಕೆಲಸ ಆರಂಭಿಸಿದ್ದನ್ನು ಕಾಣಲಿಲ್ಲ.

ಮುಂದಿನ ವರ್ಷಗಳಲ್ಲಿ ನೂರಾರು ರೇಡಿಯೋ ಮೂಲಗಳ ಅಳತೆ ನಡೆಯಿತು. ದೂರದಿಂದ ಬರುವ ಅಲೆಗಳು ಬಹು ಹಿಂದೆಯೇ ಹೊರಟವು. ಆದ್ದರಿಂದ ದೂರ ನೋಡುವುದೆಂದರೆ ಗತಕಾಲವನ್ನು ನೋಡುವುದು. 1975ರಲ್ಲಿ ಸ್ವರೂಪ್ ಮತ್ತು ವಿಜಯ್ ಕಪಾಹಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸದಾ ಒಂದೇ ರೀತಿಯ ವಿಶ್ವದಲ್ಲಿ ನಿರೀಕ್ಷಿಸಬೇಕಾದ ಲೆಕ್ಕಕ್ಕೆ ಈ ಅಳತೆಗಳು ಹೊಂದಲಿಲ್ಲ. ವಿಶ್ವ ಬದಲಾಗುತ್ತಾ ಬಂದಿದೆ! 1965ರಲ್ಲಿ ಪತ್ತೆಯಾಗಿದ್ದ ವಿಶ್ವ ಹಿನ್ನೆಲೆ ವಿಕಿರಣ ಮಹಾಸ್ಫೋಟದ ಪರ ಬಲವಾದ ಸಾಕ್ಷಿ ನುಡಿದಿತ್ತು. ಊಟಿಯಿಂದ ಅದಕ್ಕೆ ಬೇರೊಂದು ಸ್ವತಂತ್ರ ಸಾಕ್ಷಿ ದೊರೆಯಿತು.

ಪಲ್ಸಾರ್‌ಗಳು ಮತ್ತು ಸೌರಮಾರುತದ ಅಧ್ಯಯನವೂ ಇಲ್ಲಿ ನಡೆದಿದೆ. ಊಟಿಯಲ್ಲಿ ಪಳಗಿದ ಕೈಗಳೇ ಮುಂದೆ ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿ 45 ಮೀಟರ್ ವ್ಯಾಸದ 30 ಆಂಟೆನಾಗಳ ಬೃಹತ್ ದೂರದರ್ಶಕವನ್ನು ಕಟ್ಟಿದವು. ಅದರ ನೇತೃತ್ವವನ್ನೂ ವಹಿಸಿದ್ದ ಸ್ವರೂಪ್ 2020ರಲ್ಲಿ ನಿಧನರಾದರು.

ಓದುಗರೇ, ನಮ್ಮಲ್ಲಿ ಸೌಲಭ್ಯವಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಊಟಿಯವರಿಗೂ ಇರಲಿಲ್ಲ. ಆದರೆ ಅವರು ಇದ್ದ ಗುಡ್ಡವನ್ನೂ ಎಲ್ಲರಿಗೂ ಕಾಣುವ ಚಂದ್ರನನ್ನೂ ಉಪಕರಣ ಮಾಡಿಕೊಂಡರು. ವಿಜ್ಞಾನ ಓದುವ ನಿಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳಿರಿ.