ಕಾಲುವೆ ಹಿಡಿದು ಬಂದ ಲ್ಯಾಂಪ್ರೆ

ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿ 1135ರಲ್ಲಿ ವೈದ್ಯರ ಮಾತು ಮೀರಿ ಲ್ಯಾಂಪ್ರೆ ಮೀನು ತಿಂದು ಕಾಯಿಲೆ ಬಿದ್ದು ಸತ್ತನೆಂದು ಆ ಕಾಲದ ಚರಿತ್ರೆಕಾರ ಹಂಟಿಂಗ್‌ಡನ್ನಿನ ಹೆನ್ರಿ ಬರೆದಿಟ್ಟಿದ್ದಾನೆ. ಇತಿಹಾಸದ ಪುಸ್ತಕಗಳಲ್ಲಿ ಲ್ಯಾಂಪ್ರೆಗೆ ಸಿಕ್ಕಿರುವ ಜಾಗ ಹೆಚ್ಚುಕಡಿಮೆ ಇಷ್ಟೇ. ಆದರೆ ಅದರ ನಿಜವಾದ ದೊಡ್ಡ ಕಥೆ ಅರಮನೆಯ ಊಟದಲ್ಲಲ್ಲ, ಉತ್ತರ ಅಮೆರಿಕದ ಒಂದು ಕಾಲುವೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಹಾವಿನಂತೆ ಕಾಣುವ, ದವಡೆಯೇ ಇಲ್ಲದ ಈ ಜೀವಿ ಹುಟ್ಟುವುದು ಹೊಳೆಯಲ್ಲಿ. ಕುರುಡು ಮರಿಯಾಗಿ ಕೆಸರಿನಲ್ಲಿ ಹೂತುಕೊಂಡು ವರ್ಷಗಟ್ಟಲೆ ಕಳೆಯುತ್ತದೆ. ಆಮೇಲೆ ಕಣ್ಣು ಮೂಡುತ್ತವೆ, ಬಾಯಿ ಹಲ್ಲಿನ ಬಟ್ಟಲಾಗುತ್ತದೆ, ಕಿವಿರಿನಲ್ಲಿ ಉಪ್ಪನ್ನು ಹೊರದಬ್ಬುವ ಕೋಶಗಳು ಬೆಳೆಯುತ್ತವೆ. ಆಗ ಕಡಲಿಗೆ ಹೊರಡುತ್ತದೆ. ಅದರ ರಕ್ತದಲ್ಲಿರುವ ಉಪ್ಪು ಕಡಲಿನ ಉಪ್ಪಿನ ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಕಡಲು ಅದರ ಮೈಯ ನೀರನ್ನು ಹೀರುತ್ತಲೇ ಇರುತ್ತದೆ; ಲ್ಯಾಂಪ್ರೆ ಉಪ್ಪುನೀರನ್ನೇ ಕುಡಿದು, ಉಪ್ಪನ್ನು ಕಿವಿರಿನಿಂದ ಆಚೆ ಹಾಕಿ ಬದುಕುತ್ತದೆ. ಮೊಟ್ಟೆಯಿಡಲು ಹೊಳೆಗೆ ಮರಳಿದಾಗ ಲೆಕ್ಕ ತಿರುವುಮುರುವು. ಈಗ ನೀರು ಒಳನುಗ್ಗುತ್ತದೆ, ಉಪ್ಪು ಸೋರುತ್ತದೆ. ದಿನವಿಡೀ ತೆಳು ಮೂತ್ರ ಹೊಯ್ಯುತ್ತ, ಹೊಳೆಯಲ್ಲಿರುವ ಚೂರುಪಾರು ಉಪ್ಪನ್ನು ಅದೇ ಕಿವಿರಿನಿಂದ ಒಳಗೆಳೆದುಕೊಳ್ಳಬೇಕು.

ಎರಡೂ ನೀರಿನ ವ್ಯವಹಾರ ಬಲ್ಲವನಿಗೆ ಕಡಲಿಲ್ಲದಿದ್ದರೂ ನಡೆಯುತ್ತದೆ. ಆಂಟೇರಿಯೋ ಸರೋವರದಲ್ಲಿ ಲ್ಯಾಂಪ್ರೆ 1830ರ ದಶಕದಲ್ಲೇ ದಾಖಲಾಗಿತ್ತು. ಮೇಲಿನ ಸರೋವರಗಳಿಗೆ ಹೋಗದಂತೆ ಅದನ್ನು ತಡೆದದ್ದು ಉಪ್ಪಿನ ಕೊರತೆಯಲ್ಲ, ಸುಮಾರು 50 ಮೀಟರ್ ಎತ್ತರದ ನಯಾಗರ. ಹಡಗುಗಳಿಗಾಗಿ ಆ ಜಲಪಾತವನ್ನು ಬಳಸಿ ತೆಗೆದ ವೆಲ್ಯಾಂಡ್ ಕಾಲುವೆ 1829ರಲ್ಲಿ ತೆರೆಯಿತು, ಮುಂದೆ ಹಲವು ಸಲ ಹಿಗ್ಗಿತು. 1921ರಲ್ಲಿ ಲ್ಯಾಂಪ್ರೆ ಈರಿ ಸರೋವರದಲ್ಲಿತ್ತು, 1936ರಲ್ಲಿ ಮಿಷಿಗನ್‌ನಲ್ಲಿ, 1938ರಲ್ಲಿ ಸುಪೀರಿಯರ್‌ನಲ್ಲಿ. ಅಲ್ಲಿ ಅದು ಕಚ್ಚಿ ರಕ್ತ ಹೀರಿದ ಟ್ರೌಟ್ ಮೀನುಗಳ ರಕ್ತದ ಉಪ್ಪು ಹೆಚ್ಚುಕಡಿಮೆ ಅದರ ರಕ್ತದಷ್ಟೇ. ಅಂದರೆ ಉಪ್ಪಿಲ್ಲದ ಸರೋವರದಲ್ಲಿ ಅದು ಉಪ್ಪಿನೂಟವನ್ನೇ ಮಾಡುತ್ತಿತ್ತು!

ಮೇಲಿನ ಸರೋವರಗಳಲ್ಲಿ ವರ್ಷಕ್ಕೆ ಸುಮಾರು 1.5 ಕೋಟಿ ಪೌಂಡ್ ಸಿಗುತ್ತಿದ್ದ ಟ್ರೌಟ್ 1960ರ ದಶಕದ ಆರಂಭಕ್ಕೆ ಸುಮಾರು 3 ಲಕ್ಷ ಪೌಂಡಿಗೆ ಕುಸಿಯಿತು. ಬಲೆ ನಂಬಿದ್ದವರ ಕಸುಬೇ ಹೋಯಿತು. (ಮಿತಿಮೀರಿ ಹಿಡಿದದ್ದರ ಪಾಲೂ ಇದೆ, ಎಲ್ಲವನ್ನೂ ಲ್ಯಾಂಪ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.) ಮಿಷಿಗನ್‌ನ ಹ್ಯಾಮಂಡ್ ಬೇ ಪ್ರಯೋಗಾಲಯದಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಸಂಗಡಿಗರು ಸುಮಾರು 6,000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸಿಕ್ಕಿದ್ದು ಟಿಎಫ್‌ಎಂ. 1958ರಿಂದ ಅದನ್ನು ತೊರೆಗಳಿಗೆ ಬಿಡಲಾಯಿತು. ಏಟು ಬಿದ್ದದ್ದು ಸರೋವರದಲ್ಲಿ ಈಜುವ ದೊಡ್ಡವಕ್ಕಲ್ಲ, ಇನ್ನೂ ಕಡಲಿಗೆ ಅಣಿಯಾಗದೆ ಕೆಸರಿನಲ್ಲೇ ಇದ್ದ ಕುರುಡು ಮರಿಗಳಿಗೆ. ಆ ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಬೇರೆ ಮೀನುಗಳಿಗಿಂತ ಅವಕ್ಕೆ ತೀರಾ ಕಡಿಮೆ. ಲ್ಯಾಂಪ್ರೆ ಸುಮಾರು ಶೇ. 90ರಷ್ಟು ಇಳಿಯಿತು. ನಿರ್ಮೂಲವಾಗಲಿಲ್ಲ, ವಿಷ ಬಿಡುವ ಕೆಲಸ ಇಂದಿಗೂ ನಡೆದಿದೆ.

ಅತ್ತ ಇಂಗ್ಲೆಂಡಿನ ಹೊಳೆಗಳಲ್ಲಿ ಲ್ಯಾಂಪ್ರೆಯೇ ಅಪರೂಪವಾಗಿದೆ. 2012ರಲ್ಲಿ, ಎರಡನೇ ಎಲಿಜಬೆತ್ ಪಟ್ಟಕ್ಕೇರಿ 60 ವರ್ಷವಾದಾಗ, ಗ್ಲಾಸ್ಟರ್ ನಗರ ಹಳೆಯ ಪದ್ಧತಿಯಂತೆ ಅರಮನೆಗೆ ಲ್ಯಾಂಪ್ರೆ ಪೈ ಕಳಿಸಬೇಕಿತ್ತು. ಅದಕ್ಕೆ ಬೇಕಾದ ಮೀನು ಬಂದದ್ದು ಅಮೆರಿಕದ ಈ ಸರೋವರಗಳಿಂದ.